ಬ್ಲೋಕ್, ಚ್ಯಾಪ್, ಮೇಟ್: ಎಲ್ಲವೂ ಒಂದೇ ಅಲ್ಲ ಮಾರಾಯರೇ

ಇಂಗ್ಲೆಂಡಿಗೆ ಓದಲೆಂದೋ ಕೆಲಸಕ್ಕೆಂದೋ ಹೊರಡುವ ನಮ್ಮ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪಟ್ಟಿ ಸುತ್ತುತ್ತಲೇ ಇರುತ್ತದೆ. ಬ್ಲೋಕ್, ಚ್ಯಾಪ್, ಲ್ಯಾಡ್, ಗೀಜರ್, ಮೇಟ್, ಫೆಲ್ಲಾ. ಎದುರಿಗೆ ಅರ್ಥ: ಗಂಡಸು, ಗಂಡಸು, ಗಂಡಸು. ಕೊನೆಯಲ್ಲಿ ಒಂದು ಉಪದೇಶ: ಇವನ್ನು ದಿನನಿತ್ಯದ ವಾಕ್ಯಗಳಲ್ಲಿ ಬಳಸಿ, ಅಲ್ಲಿಯವರಂತೆಯೇ ಮಾತನಾಡಿ! ಪಟ್ಟಿ ಮಾಡಿದ ಪುಣ್ಯಾತ್ಮ ಯಾರೋ ತಿಳಿಯದು. ಡರ್ಬಿಯಲ್ಲಿ ಬಹಳ ಕಾಲದಿಂದ ಬದುಕುತ್ತಿರುವವನಾಗಿ ಹೇಳುತ್ತೇನೆ, ಅದನ್ನು ಅಳಿಸಿಹಾಕಿ. ಮಾತನಾಡುವವನು ಆ ಗಂಡಸಿನಿಂದ ಎಷ್ಟು ದೂರದಲ್ಲಿ ನಿಂತಿದ್ದಾನೆ ಎನ್ನುವುದೇ ಈ ಪದಗಳೊಳಗಿನ ಸರಕು. ಪಟ್ಟಿಯಲ್ಲಿ ಇಲ್ಲದಿರುವುದೂ ಅದೇ.

ಬ್ಲೋಕ್ ನಮ್ಮ ‘ಆಸಾಮಿ’ಯ ಹಾಗೆ. ‘ಬಾಯ್ಲರ್ ರಿಪೇರಿಯ ಬ್ಲೋಕ್ ಇನ್ನೂ ಬಂದಿಲ್ಲ’, ‘ಬಾಗಿಲಲ್ಲಿ ಯಾರೋ ಬ್ಲೋಕ್ ನಿಂತಿದ್ದಾನೆ’. ಎರಡರಲ್ಲೂ ಗೌರವವೂ ಇಲ್ಲ, ಅಗೌರವವೂ ಇಲ್ಲ. ಆದರೆ ಆ ಮನುಷ್ಯ ಎದುರಿಗೆ ಬಂದನೆನ್ನಿ, ಅವನನ್ನು ‘ಬ್ಲೋಕ್’ ಎಂದು ಕರೆಯಲಾಗದು. ಮೈಸೂರಿನಲ್ಲಿ ಯಾರಾದರೂ ‘ಆಸಾಮಿ, ಸ್ವಲ್ಪ ಜರುಗು’ ಎನ್ನುತ್ತಾರೆಯೇ? ಕರೆಯುವುದಕ್ಕೆ ಇರುವುದು ಮೇಟ್. ‘ನನ್ನ ಮೇಟ್’ ಎಂದರೆ ಗೆಳೆಯ, ನಿಜ. ಆದರೆ ಬರಿದೆ ‘ಮೇಟ್’ ಎಂದು ಕರೆಯಲು ಗೆಳೆತನ ಬೇಡ, ಪರಿಚಯವೂ ಬೇಡ. ಕರಾವಳಿ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅವರ ‘ಮಾರಾಯ’ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ದನಿ ಮೇಲಿದ್ದರೆ ಸಲಿಗೆ. ದನಿ ಇಳಿದು, ವಾಕ್ಯ ನಿಧಾನವಾಗಿ, ‘ನೋಡು ಮೇಟ್’ ಎಂದು ಶುರುವಾಯಿತೋ, ಅಲ್ಲಿಂದ ಜಾಗ ಖಾಲಿ ಮಾಡುವುದು ಕ್ಷೇಮ.

ಈ ಒಂದು ಪದಕ್ಕಾಗಿ ನಡೆದ ರಂಪ ಸಣ್ಣದಲ್ಲ. 2005ರಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದಲ್ಲಿ, ಬಂದವರನ್ನು ‘ಮೇಟ್’ ಎನ್ನಬಾರದೆಂದು ಕಾವಲು ಸಿಬ್ಬಂದಿಗೆ ಸೂಚನೆ ಹೋಯಿತು. ಆಸ್ಟ್ರೇಲಿಯಾದಲ್ಲಿ! ಗದ್ದಲವೆದ್ದು, ಒಂದು ದಿನ ಕಳೆಯುವಷ್ಟರಲ್ಲಿ ಸೂಚನೆ ವಾಪಸ್ಸಾಯಿತು. 2023ರಲ್ಲಿ ಲಂಡನ್ ಮೇಯರ್ ಸಾದಿಕ್ ಖಾನ್ ಇದೇ ಪದವನ್ನು ಹಿಡಿದು ಒಂದು ಪ್ರಚಾರ ನಡೆಸಿದರು: ಗೆಳೆಯ ಹೆಂಗಸರ ಬಗ್ಗೆ ಹಗುರವಾಗಿ ಮಾತನಾಡಿದಾಗ ‘ಮೇ...ಟ್’ ಎಂದು ಎಳೆದು ಎಚ್ಚರಿಸಿ, ಅಷ್ಟು ಸಾಕು. ನಕ್ಕವರು ಬಹಳ. ನನಗೇನೋ ಅದರಲ್ಲಿ ಭಾಷೆ ಬಲ್ಲವರ ಕೈ ಕಂಡಿತು. ಒಂದು ‘ಮಾರಾಯಾ’ವನ್ನು ಎಷ್ಟು ಎಳೆದರೆ ಎದುರಿನವನು ಬಾಯಿ ಮುಚ್ಚುತ್ತಾನೆ ಎನ್ನುವುದು ನಮಗೂ ಗೊತ್ತಿಲ್ಲದ ವಿದ್ಯೆಯೇನಲ್ಲ.

ಇನ್ನು ಚ್ಯಾಪ್. ಇದರ ಮೂಲ ‘ಚ್ಯಾಪ್‌ಮನ್’, ಊರೂರು ಸುತ್ತಿ ಸರಕು ಮಾರುತ್ತಿದ್ದವನು. ಲಂಡನ್ನಿನ ಹಳೆಯ ಪೇಟೆಬೀದಿ ಚೀಪ್‌ಸೈಡ್ ಹೆಸರೂ ಅದೇ ಬೇರಿನದು. ಮೊಟಕಾದ ಚ್ಯಾಪ್ ಮೊದಲು ಗಿರಾಕಿಯಾದ, ಆಮೇಲೆ ಬರೀ ಮನುಷ್ಯನಾದ. ‘ಅವನು ಭಾರಿ ಗಿರಾಕಿ’ ಎನ್ನುವ ನಾವೂ ಆ ದಾರಿಯಲ್ಲೇ ಬಂದವರು. ಆದರೆ ಚ್ಯಾಪ್ ಇಂದು ಸಂತೆ ಬಿಟ್ಟು ಬಂಗಲೆ ಸೇರಿದ್ದಾನೆ. ದುಬಾರಿ ಖಾಸಗಿ ಶಾಲೆಯಲ್ಲಿ ಓದಿದವರು, ಸೇನೆಯ ಅಧಿಕಾರಿಗಳು, ನಿವೃತ್ತರಾಗಿ ಗುಲಾಬಿ ಬೆಳೆಸುವ ಹಿರಿಯರು, ಇವರ ಬಾಯಲ್ಲಿ ಅದು ಸಹಜವಾಗಿ ಕೂರುತ್ತದೆ. ನಮ್ಮಲ್ಲೂ ಹಳೆಯ ತಲೆಮಾರಿನ ಸೇನಾಧಿಕಾರಿಗಳು ಅದನ್ನು ಬಿಟ್ಟಿಲ್ಲ.

ನನಗೆ ಕಿರಿಕಿರಿಯಾಗುವುದು ಚ್ಯಾಪ್‌ನ ಹಿಂದೆ ಬಂದು ಅಂಟಿಕೊಳ್ಳುವ ವಿಶೇಷಣಗಳಿಂದ. ‘ಆ ಭಾರತೀಯ ಚ್ಯಾಪ್ ಬಹಳ ಒಳ್ಳೆಯವನು’ ಎಂದು ಹಿರಿಯ ಇಂಗ್ಲಿಷರು ನಮ್ಮ ಡಾಕ್ಟರುಗಳ ಬಗ್ಗೆ, ಇಂಜಿನಿಯರುಗಳ ಬಗ್ಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳಿದವರ ಮನಸ್ಸಿನಲ್ಲಿ ಕೇಡಿಲ್ಲ. ಆದರೂ ಅದರಲ್ಲಿ ತಲೆ ಸವರುವ ಕೈಯೊಂದಿದೆ. ಅದೇ ಮನುಷ್ಯನನ್ನು ಜೊತೆಗೆ ಕೆಲಸ ಮಾಡುವವರು ‘ಒಳ್ಳೆಯ ಬ್ಲೋಕ್’ ಎಂದರೆ ಮಾತಿನ ತೂಕವೇ ಬೇರೆ. ಅಲ್ಲಿಗೆ ಅವನು ಅತಿಥಿಯಾಗಿ ಉಳಿಯಲಿಲ್ಲ, ತಂಡದೊಳಗಿನವನಾದ.

ಹಾಗೆಂದು ‘ಒಳ್ಳೆಯ ಬ್ಲೋಕ್’ ನಿರುಪದ್ರವಿ ಎಂದುಕೊಳ್ಳಬೇಡಿ. ಕಚೇರಿಗಳಲ್ಲಿ ಅದೊಂದು ಬರೆಯದ ಪ್ರಮಾಣಪತ್ರ. ಒಂದು ಹುದ್ದೆಗೆ ಇಬ್ಬರ ಹೆಸರು ಮೇಜಿನ ಮೇಲಿದ್ದಾಗ ಯಾರೋ ಒಬ್ಬರು ‘ಅವನು ಒಳ್ಳೆಯ ಬ್ಲೋಕ್’ ಎಂದರೆ ಮುಗಿಯಿತು, ಮುಂದೆ ಚರ್ಚೆ ಇಲ್ಲ. ಆ ಪತ್ರಕ್ಕೆ ಮೊಹರು ಬೀಳುವುದು ಶುಕ್ರವಾರ ಸಂಜೆ, ಪಬ್ಬಿನಲ್ಲಿ. ಕುಡಿಯದವನು, ಫುಟ್‌ಬಾಲ್ ತಿಳಿಯದವನು, ಮಗಳನ್ನು ಭರತನಾಟ್ಯದ ತರಗತಿಗೆ ಕರೆದೊಯ್ಯಬೇಕಾದವನು ಹತ್ತು ವರ್ಷ ನೆಟ್ಟಗೆ ಕೆಲಸ ಮಾಡಿದರೂ ‘ತುಂಬಾ ಪರಿಶ್ರಮಿ’ ಎನ್ನುವಲ್ಲಿಗೆ ನಿಲ್ಲುತ್ತಾನೆ. ಹೆಂಗಸರಿಗಂತೂ ಆ ಪದದ ಬಾಗಿಲೇ ಇಲ್ಲ. ಈ ಮಾತಿಗೆ ಇಲ್ಲಿನ ಕನ್ನಡಿಗ ಗೆಳೆಯರಲ್ಲೇ ಕೆಲವರು ಒಪ್ಪುವುದಿಲ್ಲ, ಜಗಳವಾಡಿದ್ದೇವೆ. ನಾನು ಕಂಡದ್ದನ್ನು ಬರೆದೆ.

ಲ್ಯಾಡ್ ವಿಷಯ ಬೇಗ ಮುಗಿಸುತ್ತೇನೆ. ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ಅದು ಮನೆಮಾತು, ‘ನಮ್ಮ ಹುಡುಗ’ ಎನ್ನುವಷ್ಟು ಬೆಚ್ಚಗೆ. ಫುಟ್‌ಬಾಲ್ ತಂಡದಲ್ಲಿ ಆಟಗಾರರೆಲ್ಲ ಲ್ಯಾಡ್‌ಗಳು, ತರಬೇತುದಾರ ‘ಗ್ಯಾಫರ್’. 1990ರ ದಶಕದಲ್ಲಿ ಬಿಯರು, ಫುಟ್‌ಬಾಲು, ಅರೆಬಟ್ಟೆಯ ಚಿತ್ರಗಳನ್ನು ತುಂಬಿಕೊಂಡ ಪತ್ರಿಕೆಗಳು ಬಂದು (1994ರ ‘ಲೋಡೆಡ್’ ಅವುಗಳಲ್ಲಿ ಮುಂಚೂಣಿಯದು) ಆ ಪದಕ್ಕೆ ಒಂದಿಷ್ಟು ವಾಸನೆ ಹತ್ತಿಸಿದವು. ನಲವತ್ತು ದಾಟಿದವರು ಮುಟ್ಟದಿರುವುದೇ ಲೇಸು.

ಗೀಜರ್ ಎಂದಾಗ ನಮ್ಮವರಿಗೆ ನೆನಪಾಗುವುದು ಬಚ್ಚಲುಮನೆ. ಉಚ್ಚಾರ ಹೆಚ್ಚುಕಡಿಮೆ ಒಂದೇ, ಸಂಬಂಧ ಏನೂ ಇಲ್ಲ. ಇದು ವೇಷ ಹಾಕಿ ಮನೆಮನೆಗೆ ಹೋಗಿ ಆಡಿ ತೋರಿಸುತ್ತಿದ್ದ ‘ಗೈಸರ್’ನಿಂದ ಬಂದದ್ದು. ಲಂಡನ್ನಿನಲ್ಲಿ ಅದು ಸ್ವಲ್ಪ ಚಾಲಾಕಿ ಮನುಷ್ಯ, ಅಮೆರಿಕದಲ್ಲಿ ವಿಚಿತ್ರ ಮುದುಕ. ಇನ್ನು ‘ಗೈ’ ಹಿಂದೆ ಸಾಕ್ಷಾತ್ ಗೈ ಫಾಕ್ಸ್ ಇದ್ದಾನೆ. 1605ರಲ್ಲಿ ಸಂಸತ್ತನ್ನೇ ಸಿಡಿಮದ್ದಿನಿಂದ ಉಡಾಯಿಸಲು ಹೋಗಿ ಸಿಕ್ಕಿಬಿದ್ದವನು. ಪ್ರತಿ ನವೆಂಬರ್ 5ರಂದು ಸುಡುವ ಅವನ ಬೊಂಬೆ ‘ಗೈ’ ಎನಿಸಿಕೊಂಡಿತು, ಆಮೇಲೆ ಚಿಂದಿ ಉಟ್ಟವನೂ ‘ಗೈ’ ಆದ, ಅಮೆರಿಕಕ್ಕೆ ಹೋಗಿ ಯಾವ ಗಂಡಸಾದರೂ ‘ಗೈ’ ಆದ. ಈಗ ಬಹುವಚನದಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಕೂತಿದೆ.

ಪಟ್ಟಿಯಲ್ಲಿ ಗೆಳೆಯ ಎನ್ನುವ ಅರ್ಥದ ‘ಪ್ಯಾಲ್’ ಇರುವುದಿಲ್ಲ. ಇರಬೇಕಿತ್ತು, ಏಕೆಂದರೆ ಅದು ನಮ್ಮ ಕಡೆಯಿಂದಲೇ ಹೋದದ್ದು. ಬಹಳ ಹಿಂದೆ ಭಾರತದಿಂದ ಯುರೋಪಿಗೆ ಹೋದ ರೋಮಾ ಜನರ ಭಾಷೆಯಲ್ಲಿ ಸಹೋದರನಿಗಿರುವ ‘ಫ್ರಾಲ್’ ಸಂಸ್ಕೃತದ ‘ಭ್ರಾತೃ’ವಿನ ಬಳಗದ್ದು, ಇಂಗ್ಲಿಷಿನ ಪ್ಯಾಲ್ ಅದರಿಂದಲೇ ಬಂದದ್ದು. ಗ್ಲಾಸ್ಗೋದಲ್ಲಿ ಯಾರಾದರೂ ಹಲ್ಲು ಕಚ್ಚಿ ‘ಪ್ಯಾಲ್’ ಎಂದರೆ ಮಾತ್ರ ಈ ಅಣ್ಣತಮ್ಮಂದಿರ ಸಂಬಂಧ ನೆರವಿಗೆ ಬರುವುದಿಲ್ಲ.

ಲಂಡನ್ನಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಲೋಕ ಬೇರೆಯೇ. ಅವರ ‘ಬ್ರವ್’ (ಅಣ್ಣ, ಗೆಳೆಯ), ‘ಮ್ಯಾನ್‌ಡೆಮ್’ (ಗೆಳೆಯರ ಗುಂಪು) ಇಂಗ್ಲಿಷ್ ಹಳ್ಳಿಯಿಂದ ಬಂದದ್ದಲ್ಲ. ಕೆರಿಬಿಯನ್, ಆಫ್ರಿಕಾ, ದಕ್ಷಿಣ ಏಷ್ಯಾದ ಮಕ್ಕಳು ಒಂದೇ ಶಾಲೆಯ ಅಂಗಳದಲ್ಲಿ ಕಲಸಿಕೊಂಡ ಮಾತು ಅದು. ತಂದೆತಾಯಂದಿರು ಅದನ್ನು ಅನುಕರಿಸಿದರೆ ಮಕ್ಕಳು ಕೋಣೆ ಬಿಟ್ಟು ಹೋಗುತ್ತಾರೆ. ಹೋಗಲೇಬೇಕು.

ಹಾಗಾದರೆ ಹೊಸಬರು ಏನನ್ನು ಬಳಸಬೇಕು? ಎದುರಿಗಿಲ್ಲದವರ ಬಗ್ಗೆ ಬ್ಲೋಕ್, ಕಿವಿ ಪಳಗಿದ ಮೇಲೆ ಮೇಟ್. ಇವೆರಡು ಧಾರಾಳವಾಯಿತು. ನಮಗೆ ವಾಕ್ಯದ ಕೊನೆಗೊಂದು ಸಾರ್, ಅಣ್ಣ, ಯಜಮಾನರೇ ಇಲ್ಲದಿದ್ದರೆ ಮಾತು ಬೋಳೆನಿಸುತ್ತದೆ, ಆ ಖಾಲಿ ಜಾಗ ತುಂಬಲು ತಡಕಾಡುತ್ತೇವೆ. ಇಂಗ್ಲಿಷಿಗೆ ಅದು ಬೇಕಿಲ್ಲ. ನಮ್ಮ ಡರ್ಬಿಯಲ್ಲಿ ಬಸ್ ಚಾಲಕ ಗಂಡಸರನ್ನೂ ‘ಡಕ್’ ಎಂದು ಕರೆಯುತ್ತಾನೆ, ಬಾತುಕೋಳಿಯೇ ಎಂದು. ತಿರುಗಿ ಅವನನ್ನು ಬಾತುಕೋಳಿ ಎನ್ನಬೇಕಾಗಿಲ್ಲ. ಇಳಿಯುವಾಗ ‘ಚಿಯರ್ಸ್’ ಎನ್ನಿ. ಅದಕ್ಕೆ ಕೈಯಲ್ಲಿ ಲೋಟ ಬೇಡ, ಅಲ್ಲಿ ಅದು ಬರೀ ಧನ್ಯವಾದ.