ದೋಣಿಯವರು ‘ಇವತ್ತು ಬೇಡ’ ಅಂದರೆ ಬೇಡ

ಮೂರು ದಿನದಿಂದ ಒಳಗೇ ಕುದಿಯುತ್ತಿದೆ. ಇವತ್ತು ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ದಯವಿಟ್ಟು ಓದಿ. ಅದರಲ್ಲೂ ಈ ಬೇಸಿಗೆಯಲ್ಲಿ ಸ್ಕಾಟ್ಲೆಂಡ್‌ಗೆ ಬರುವ ಪ್ಲ್ಯಾನ್ ಇರುವವರು ಪೂರ್ತಿ ಓದಿ.

ಶನಿವಾರ ನಾವು ಸ್ಕೈ ದ್ವೀಪದ ಎಲ್ಗಾಲ್‌ನಲ್ಲಿದ್ದೆವು. ಬ್ರಾಡ್‌ಫರ್ಡ್‌ನಿಂದ ಸುಮಾರು 22 ಕಿಲೋಮೀಟರ್, ಒಂದೇ ಗಾಡಿ ಹಿಡಿಸುವಷ್ಟು ಅಗಲದ ರಸ್ತೆ. ರಸ್ತೆ ಮುಗಿಯುವ ಜಾಗದಲ್ಲಿ ಒಂದು ಸಣ್ಣ ಜೆಟ್ಟಿ. ಅಲ್ಲಿಂದ ಸಣ್ಣ ದೋಣಿಗಳು ಲಾಖ್ ಸ್ಕಾವೇಗ್ ದಾಟಿ ಕುಲಿನ್ ಬೆಟ್ಟಗಳ ಬುಡಕ್ಕೆ ಹೋಗುತ್ತವೆ. (ಲಾಖ್ ಅಂದರೆ ಇಲ್ಲಿ ಸರೋವರವೂ ಹೌದು, ನೆಲದೊಳಗೆ ಚಾಚಿದ ಕಡಲೂ ಹೌದು. ಸ್ಕಾವೇಗ್ ಕಡಲು.) ಅಲ್ಲಿ ಇಳಿದು ಬಂಡೆ ಮೇಲೆ ಸ್ವಲ್ಪ ನಡೆದರೆ ಲಾಖ್ ಕೊರುಸ್ಕ್. ಮೂರು ಕಡೆ ಕಪ್ಪು ಬೆಟ್ಟ, ನಡುವೆ ಸಿಹಿನೀರು. ಮಗನಿಗೆ ಅದನ್ನು ತೋರಿಸಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆ.

11 ಗಂಟೆಯ ದೋಣಿ. ಜೆಟ್ಟಿಯ ಮೇಲೆ ಬಿಸಿಲು. ಗಾಳಿ ಅಂತ ಹೇಳುವಷ್ಟು ಗಾಳಿಯೂ ಇರಲಿಲ್ಲ. ದೋಣಿಯವರಿಗೆ ಅರವತ್ತು ದಾಟಿರಬೇಕು. ನಮಗೆ ಬೆನ್ನು ಹಾಕಿ, ಜೆಟ್ಟಿಯ ತುದಿಯಲ್ಲಿ ನಿಂತು ನೈಋತ್ಯದ ಕಡೆ ನೋಡುತ್ತಿದ್ದರು. ಆ ದಿಕ್ಕಿನಲ್ಲಿ ರಮ್ ದ್ವೀಪ. ನಾವು ಬಂದಾಗ ಬುಡದಿಂದ ತುದಿಯವರೆಗೆ ಕಾಣುತ್ತಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದರ ಬುಡ ಮಾಯವಾಗಿತ್ತು. ಅವರು ತಿರುಗಿ ಬಂದು, ಕ್ಷಮಿಸಿ, ಇವತ್ತು ಹೋಗುವುದಿಲ್ಲ, ಎಲ್ಲರ ಹಣ ಪೂರ್ತಿ ವಾಪಸ್ ಕೊಡುತ್ತೇನೆ ಅಂದರು.

ಶುರುವಾಯಿತು ನೋಡಿ.

ಜಗಳ ಮೊದಲು ತೆಗೆದವರು ನಮ್ಮವರೇ ಅಂತ ಹೇಳಲು ಬೇಜಾರು. ಬೆಂಗಳೂರಿನಿಂದ ಬಂದ ಕುಟುಂಬ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಅಮ್ಮ. ಆ ಯಜಮಾನರು ಫೋನ್ ತೆಗೆದು ಹವಾಮಾನದ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ತೋರಿಸಿದರು. ‘ದುಡ್ಡು ಕೊಟ್ಟಿದ್ದೇವೆ, ಇಷ್ಟು ದೂರದಿಂದ ಬಂದಿದ್ದೇವೆ, ಬಿಸಿಲಿದೆ, ಯಾಕೆ ಬರಲ್ಲ?’ ಅಂತ ಒಂದೇ ಮಾತು. ಇನ್ನೊಂದು ಜೋಡಿ, ಇಲ್ಲಿಯವರೇ, ಅವರ ಜೊತೆ ಸೇರಿಕೊಂಡರು. ದೋಣಿಯವರು ಮೂರು ಸಲ ಸಮಾಧಾನದಿಂದ ಹೇಳಿದರು. ನಾಲ್ಕನೇ ಸಲ ಸುಮ್ಮನಾಗಿ ಹಗ್ಗ ಸುತ್ತಿಡತೊಡಗಿದರು. ಆಗ ಇವರು ‘ಒಂದು ಸ್ಟಾರ್ ಕೊಡ್ತೀನಿ’ ಅಂತ ಗದರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಮೇಡಂ, ನೀವು ಇಲ್ಲೇ ಇರೋರು, ನೀವಾದರೂ ಸ್ವಲ್ಪ ಹೇಳಿ’ ಅಂದರು.

ನಾನು ಹೇಳಿದೆ. ‘ಅವರು ಬೇಡ ಅಂದರೆ ಬೇಡ ಸರ್.’

ಅವರಿಗೆ ಸಿಟ್ಟು ಬಂತು. ಪರದೇಶದಲ್ಲಿ ಕನ್ನಡದವಳೇ ಕೈಬಿಟ್ಟಳು ಅನ್ನುವ ಹಾಗೆ ನೋಡಿದರು. ಪರವಾಗಿಲ್ಲ. ಆದರೆ ನಾನು ಯಾಕೆ ಹಾಗೆ ಹೇಳಿದೆ ಅನ್ನುವುದನ್ನು ಅಲ್ಲಿ ವಿವರಿಸಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ನನ್ನ ಗೆಳೆಯರಿಗೆ ಗೊತ್ತೇ ಇದೆ, ನಾನು ಗಂಗೊಳ್ಳಿಯವಳು. ಅಜ್ಜ ನಾಡದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ. ಕಡಲಿಗೆ ಇಳಿಯುವ ಮೊದಲು ಅಳಿವೆಯ ಹತ್ತಿರ ನಿಂತು ಕಲ್ಲುಗಳನ್ನು ನೋಡುತ್ತಿದ್ದರು. ಆಕಾಶ ನೋಡುವುದಕ್ಕಿಂತ ಕಲ್ಲು ನೋಡುವುದೇ ಜಾಸ್ತಿ. ನೀರು ಕಲ್ಲಿನ ಮೇಲೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅಂತ. ಒಂದೊಂದು ದಿನ ಬೆಳ್ಳಂಬೆಳಗಿನ ಬಿಸಿಲಲ್ಲೇ ‘ಇವತ್ ಬ್ಯಾಡ’ ಅಂದು ಮನೆಗೆ ವಾಪಸ್ ಬರುತ್ತಿದ್ದರು. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಆ ದಿನ ಮನೆಗೆ ದುಡ್ಡಿಲ್ಲ. ಆದರೂ ಕೇಳುತ್ತಿರಲಿಲ್ಲ.

ಎಲ್ಗಾಲ್‌ನಲ್ಲಿ ನಾನೂ ಅದನ್ನೇ ನೋಡಿದೆ. ಗಾಳಿ ಇಲ್ಲ, ನೀರಿನ ಮೇಲೆ ಒಂದು ಗೆರೆಯೂ ಇಲ್ಲ. ಆದರೆ ಜೆಟ್ಟಿಯ ಕಲ್ಲಿಗೆ ಅಂಟಿದ ಕಂದು ಪಾಚಿ ಒಮ್ಮೆ ಪೂರ್ತಿ ಮುಳುಗುತ್ತಿತ್ತು, ನಿಧಾನವಾಗಿ ಮೇಲೆ ಬಂದು ನೇತಾಡುತ್ತಿತ್ತು, ಮತ್ತೆ ಮುಳುಗುತ್ತಿತ್ತು. ಒಂದೂವರೆ ಗೇಣು ಏರಿಳಿತ. ದೂರದಲ್ಲಿ ಎಲ್ಲೋ ಎದ್ದ ಗಾಳಿ ಕಳಿಸಿದ ಉಬ್ಬು ಅದು. ಗಾಳಿಗಿಂತ ಮೊದಲೇ ಬಂದು ತಲುಪಿತ್ತು.

ಅದರಿಂದ ಏನಾಗುತ್ತದೆ ಅಂದರೆ, ಹೋಗುವುದು ಸುಲಭ, ಇಳಿಯುವುದು ಕಷ್ಟ. ಆ ಕಡೆ ದೊಡ್ಡ ಬಂದರು ಇಲ್ಲ. ಬಂಡೆಗೆ ಮಾಡಿದ ಮೆಟ್ಟಿಲು. ದೋಣಿಯಿಂದ ಮೆಟ್ಟಿಲಿಗೆ ಒಂದು ಹೆಜ್ಜೆ ಇಡಬೇಕು. ದೋಣಿ ಒಂದು ಮೊಳ ಏರಿ ಇಳಿಯುತ್ತಿದ್ದರೆ ಆ ಒಂದು ಹೆಜ್ಜೆಯಲ್ಲಿ ಎಪ್ಪತ್ತು ದಾಟಿದ ಅಮ್ಮನ ಕಾಲು ಎಲ್ಲಿಗೆ ಹೋಗುತ್ತದೆ? ಹೇಗೋ ಇಳಿಸಿದರು ಅಂತಲೇ ಇಟ್ಟುಕೊಳ್ಳಿ. ಒಂದೂವರೆ ಗಂಟೆ ಬಿಟ್ಟು ಕರೆದುಕೊಂಡು ಬರಲು ಹೋದಾಗ ಉಬ್ಬು ಇನ್ನೂ ಜಾಸ್ತಿಯಾಗಿ ದೋಣಿ ಬಂಡೆಯ ಹತ್ತಿರ ಬರಲಾಗದಿದ್ದರೆ? ಅಲ್ಲಿಂದ ಎಲ್ಗಾಲ್‌ಗೆ ರಸ್ತೆ ಇಲ್ಲ. ಹತ್ತು ಕಿಲೋಮೀಟರಿಗೂ ಹೆಚ್ಚು ಕಾಲುದಾರಿ. ದಾರಿಯಲ್ಲಿ ಸಮುದ್ರದ ಮೇಲೆ ಇಳಿಜಾರಾಗಿ ಚಾಚಿದ ಒಂದು ಬಂಡೆಯನ್ನು ಕೈಯೂರಿ ದಾಟಬೇಕು. ಅದಕ್ಕೆ ಇಲ್ಲಿಯವರು ಇಟ್ಟ ಹೆಸರೇ ‘ಬ್ಯಾಡ್ ಸ್ಟೆಪ್’.

11 ಗಂಟೆಯ ಬಿಸಿಲನ್ನು ನೋಡಿದ್ದು ನಾವು. ದೋಣಿಯವರು ನೋಡಿದ್ದು ಮಧ್ಯಾಹ್ನ 2 ಗಂಟೆಯ ನೀರನ್ನು. ವ್ಯತ್ಯಾಸ ಇಷ್ಟೇ.

ಇನ್ನು ಆ ಆ್ಯಪ್ ವಿಷಯ. ಅದು ಹೇಳುವುದು ಊರಿನ ಹವೆ. ಲಾಖ್‌ನ ನೀರಿನ ಹವೆಯನ್ನು ಬೆಟ್ಟ ತೀರ್ಮಾನಿಸುತ್ತದೆ. ಕುಲಿನ್ ಬೆಟ್ಟಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು 992 ಮೀಟರ್, ಅದೂ ಸಮುದ್ರದ ಪಕ್ಕದಲ್ಲೇ ಎದ್ದು ನಿಂತಿದೆ. ಅದರ ಕಣಿವೆಗಳಿಂದ ಗಾಳಿ ಇದ್ದಕ್ಕಿದ್ದ ಹಾಗೆ ಕೆಳಗೆ ಬಂದು ನೀರಿಗೆ ಬಡಿಯುತ್ತದೆ. ಎರಡು ನಿಮಿಷ ಬಡಿದು ನಿಲ್ಲುತ್ತದೆ, ಮತ್ತೆ ಬೇರೆ ದಿಕ್ಕಿನಿಂದ ಬರುತ್ತದೆ. ಇದು ಸ್ಕೈ ದ್ವೀಪದ ಕಥೆ ಮಾತ್ರ ಅಲ್ಲ. ಲಾಖ್ ಅಂದರೆ ನಮ್ಮಲ್ಲಿ ಹಲವರು ಕೆರೆ ಅಂತ ತಿಳಿದುಕೊಂಡಿದ್ದಾರೆ. ಲಾಖ್ ನೆಸ್ 37 ಕಿಲೋಮೀಟರ್ ಉದ್ದ, ಸುಮಾರು 230 ಮೀಟರ್ ಆಳ, ಗೆರೆ ಎಳೆದ ಹಾಗೆ ನೇರ. ನೈಋತ್ಯದ ಗಾಳಿ ಈ ತುದಿಯಿಂದ ಆ ತುದಿಗೆ ಅಡ್ಡಿಯಿಲ್ಲದೆ ಓಡುತ್ತದೆ, ಓಡುತ್ತಾ ಅಲೆ ಬೆಳೆಸುತ್ತದೆ. ಅದರ ದಡದ ಡ್ರಮ್ನಡ್ರೋಹಿಟ್‌ನಲ್ಲಿ 2008ರಿಂದ ಆರ್‌ಎನ್‌ಎಲ್‌ಐ ಲೈಫ್‌ಬೋಟ್ ನಿಂತಿದೆ. ಸಮುದ್ರದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು 1824ರಲ್ಲಿ ಶುರುವಾದ ಸಂಸ್ಥೆ ಅದು. ಒಂದು ಸಿಹಿನೀರಿನ ಲಾಖ್‌ಗೆ ಅವರ ದೋಣಿ ಬೇಕಾಯಿತು ಅಂದರೆ ಯೋಚಿಸಿ.

ಮತ್ತೆ ನೀರು ಎಷ್ಟು ತಣ್ಣಗೆ ಅನ್ನುವುದು. ಇದನ್ನು ನಮ್ಮ ಊರಿನವರಿಗೆ ಎಷ್ಟು ಹೇಳಿದರೂ ಅರ್ಥ ಮಾಡಿಸುವುದು ಕಷ್ಟ. ನಮ್ಮ ಕಡಲು 27, 28 ಡಿಗ್ರಿ. ಬಿದ್ದವನು ಈಜಬಹುದು, ಕೂಗಬಹುದು, ಕಾಯಬಹುದು. ಸ್ಕಾಟ್ಲೆಂಡ್‌ನ ಪಶ್ಚಿಮದ ಸಮುದ್ರ ನಡುಬೇಸಿಗೆಯಲ್ಲೂ 13, 14 ಡಿಗ್ರಿ. 15ಕ್ಕಿಂತ ಕೆಳಗಿನ ನೀರಿಗೆ ಧುಮ್ಮನೆ ಬಿದ್ದರೆ ಮೈ ನಮ್ಮ ಮಾತು ಕೇಳುವುದಿಲ್ಲ. ಉಸಿರು ತಾನಾಗೇ ಒಳಗೆ ಎಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಮುಗಿಯಿತು. ಒಳ್ಳೆಯ ಈಜುಗಾರನಿಗೂ ಅಷ್ಟೇ. ಬಿದ್ದರೆ ಮೊದಲು ಈಜಬೇಡಿ, ಅಂಗಾತ ತೇಲಿ, ಉಸಿರು ಹತೋಟಿಗೆ ಬರಲಿ ಅಂತ ಆರ್‌ಎನ್‌ಎಲ್‌ಐನವರು ಹೇಳಿಕೊಡುವುದು ಇದಕ್ಕೇ. 2021ರ ಜುಲೈನಲ್ಲಿ, ಸುಡುವ ಬಿಸಿಲಿನ ಒಂದೇ ವಾರಾಂತ್ಯದಲ್ಲಿ, ಲಾಖ್ ಲೋಮಂಡ್‌ನಲ್ಲಿ ನಾಲ್ಕು ಜೀವ ಹೋಯಿತು. ಅವರು ದೋಣಿಯಲ್ಲೂ ಇರಲಿಲ್ಲ, ಗಾಳಿಯೂ ಇರಲಿಲ್ಲ. 2009ರ ಮಾರ್ಚ್‌ನಲ್ಲಿ ಲಾಖ್ ಆವ್‌ನಲ್ಲಿ ಮೀನು ಹಿಡಿಯಲು ಹೋಗಿದ್ದ ನಾಲ್ವರು ಗೆಳೆಯರು ರಾತ್ರಿ ಮಂಜಿನಲ್ಲಿ ಸಣ್ಣ ದೋಣಿಯಲ್ಲಿ ಟೆಂಟ್‌ಗೆ ಮರಳುವಾಗ ಮುಳುಗಿದರು. ಲಾಖ್ ಆವ್ ಕೂಡ ಪಕ್ಕಾ ಸಿಹಿನೀರು. ಫೋಟೋದಲ್ಲಿ ನೋಡಿದರೆ ಕನ್ನಡಿ ಹಾಗಿರುತ್ತದೆ.

ಈಗ ಒಂದು ವಿಷಯ ಹೇಳಲೇಬೇಕು. ಇದನ್ನು ಇಷ್ಟು ದಿನ ನನ್ನ ಗಂಡನನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಅಪ್ಪಯ್ಯನಿಗಂತೂ ಹೇಳಿಯೇ ಇಲ್ಲ.

ಮೂರು ವರ್ಷದ ಹಿಂದೆ, ಮೇ ತಿಂಗಳು, ಲೋಮಂಡ್‌ನಲ್ಲಿ ನಾನು ಒಂದು ಸಣ್ಣ ಮೋಟಾರ್ ದೋಣಿ ಬಾಡಿಗೆಗೆ ತೆಗೆದುಕೊಂಡಿದ್ದೆ. ನಾನು, ಮಗ, ಇಬ್ಬರೇ. ಮಗನಿಗೆ ಆಗ ಆರು ವರ್ಷ. ಕೊಟ್ಟವರು ಹೇಳಿದ್ದರು, ಎದುರಿನ ದ್ವೀಪದ ಈಚೆಗೇ ಇರಿ, ಆಚೆ ಹೋಗಬೇಡಿ, ಒಂದು ಗಂಟೆಯಲ್ಲಿ ಬನ್ನಿ. ನಾನು ಅವರ ಹತ್ತಿರ ವಾದ ಮಾಡಿದೆ. ನಾನು ಮೀನುಗಾರರ ಮನೆಯವಳು, ನನಗೆ ನೀರು ಗೊತ್ತು ಅಂದೆ. ಹೋದೆ. ದ್ವೀಪದ ಆಚೆಗೂ ಹೋದೆ.

ಅಲ್ಲಿ ಗಾಳಿ ಎದ್ದಿತು. ಮೊದಲು ದೂರದಲ್ಲಿ ನೀರಿನ ಬಣ್ಣ ಕಪ್ಪಾಯಿತು, ಆ ಕಪ್ಪು ನಮ್ಮ ಕಡೆ ಓಡಿ ಬಂತು. ಕಡಲ ತೆರೆ ಉದ್ದ, ದೋಣಿ ಅದರ ಮೇಲೆ ಹತ್ತಿ ಇಳಿಯುತ್ತದೆ. ಲಾಖ್‌ನ ಅಲೆ ಗಿಡ್ಡ, ಕಡಿದು, ಒಂದರ ಬೆನ್ನಿಗೆ ಒಂದು. ದೋಣಿ ಹತ್ತುವುದರೊಳಗೆ ಮುಂದಿನದು ಮುಖಕ್ಕೆ ಹೊಡೆಯುತ್ತದೆ. ನನಗೆ ಗೊತ್ತಿದ್ದ ನೀರು ಅದಲ್ಲವೇ ಅಲ್ಲ. ತಿರುಗಿ ನೋಡಿದರೆ ಮಗನ ಲೈಫ್‌ಜಾಕೆಟ್‌ನ ತೊಡೆಸಂದಿಯ ಪಟ್ಟಿ ಬಿಚ್ಚಿ ನೇತಾಡುತ್ತಿತ್ತು. ಚುಚ್ಚುತ್ತದೆ ಅಂತ ಅತ್ತಿದ್ದ, ನಾನೇ ಬಿಚ್ಚಿ ಕೊಟ್ಟಿದ್ದೆ. ಆ ಪಟ್ಟಿ ಇಲ್ಲದಿದ್ದರೆ ಜಾಕೆಟ್ ಮಾತ್ರ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಒಂದು ಕೈಯಲ್ಲಿ ಮೋಟಾರಿನ ಹಿಡಿ, ಇನ್ನೊಂದು ಕೈಯಲ್ಲಿ ಆ ಬಕಲ್. ಬೆರಳು ಸೆಟೆದುಕೊಂಡಿತ್ತು. ಐದು ಸಲ ಜಾರಿತು. ಆರನೇ ಸಲ ಟಕ್ ಅಂತ ಕೂತಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಹೇಗೋ ದ್ವೀಪದ ಮರೆಗೆ ಬಂದೆವು. ಗಂಟೆ ಮೀರಿತು ಅಂತ ಆ ಮನುಷ್ಯ ತಾವೇ ದೊಡ್ಡ ದೋಣಿ ತೆಗೆದುಕೊಂಡು ಹುಡುಕಿಕೊಂಡು ಬಂದರು. ಎಳೆದುಕೊಂಡು ಹೋದರು. ಒಂದು ಮಾತೂ ಬೈಯಲಿಲ್ಲ. ಮಗನಿಗೆ ಕಂಬಳಿ ಹೊದಿಸಿ, ನನಗೆ ಸಕ್ಕರೆ ಹಾಕಿದ ಟೀ ಕೊಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ.

ಹಾಗಾಗಿ ಶನಿವಾರ ಆ ಯಜಮಾನರು ಕೂಗಾಡುವಾಗ ನನಗೆ ಕಾಣಿಸಿದ್ದು ನಾನೇ. ಅದಕ್ಕೇ ಇಷ್ಟು ಸಿಟ್ಟು ಬಂತೋ ಏನೋ.

ಅವರ ಕಡೆಯಿಂದಲೂ ಯೋಚಿಸಿದ್ದೇನೆ. ರಜೆ ಸಿಗುವುದೇ ಕಷ್ಟ. ವೀಸಾ, ವಿಮಾನ, ಹೋಟೆಲ್, ಲಕ್ಷಗಟ್ಟಲೆ ಖರ್ಚು. ಅಮ್ಮನನ್ನು ಮತ್ತೊಮ್ಮೆ ಕರೆತರಲು ಆಗುತ್ತದೋ ಇಲ್ಲವೋ. ಅವರ ನೋವು ನಿಜ. ಆದರೆ ಆ ನೋವನ್ನು ದೋಣಿಯವರ ತಲೆಗೆ ಕಟ್ಟುವುದು ಯಾವ ನ್ಯಾಯ? ಟಿಕೆಟ್ ದುಡ್ಡು ದೋಣಿಗೆ ಕೊಟ್ಟದ್ದು. ಗಾಳಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಆ ದುಡ್ಡನ್ನೂ ಅವರು ವಾಪಸ್ ಕೊಟ್ಟರು. ಅವತ್ತಿನ ಸಂಪಾದನೆ ಹೋಗಿದ್ದು ಅವರದ್ದು. ಇಲ್ಲಿ ಪ್ರವಾಸಿಗರು ಬರುವುದೇ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲಿ ಎಷ್ಟು ದಿನ ಮಳೆ ಗಾಳಿಗೆ ಹೋಗುತ್ತದೋ. ನಷ್ಟ ಮಾಡಿಕೊಂಡು ‘ಬೇಡ’ ಅನ್ನುವವರಿಗೆ ನಾವು ಬೈಯುತ್ತೇವೆ ಅಲ್ವಾ?

ಇನ್ನೊಂದು ಮಾತು. ಅವತ್ತು ಬಿರುಗಾಳಿ ಬರಲೇ ಇಲ್ಲ. ನಾವು ಮಧ್ಯಾಹ್ನ 3ರವರೆಗೆ ದಡದಲ್ಲೇ ಕೂತಿದ್ದೆವು. ಸ್ವಲ್ಪ ಸೋನೆ ಬಂತು, ನಿಂತಿತು, ಮತ್ತೆ ಬಿಸಿಲು. ಆ ಯಜಮಾನರು ಕಾರಿನ ಗಾಜು ಇಳಿಸಿ, ‘ನೋಡಿದ್ರಾ ಮೇಡಂ, ಎಲ್ಲಿದೆ ಗಾಳಿ?’ ಅಂತ ಕೇಳಿಯೇ ಹೋದರು. ಬಿರುಗಾಳಿ ಬಂದಿದ್ದರೆ ದೋಣಿಯವರು ದೇವರಾಗುತ್ತಿದ್ದರು, ಬರಲಿಲ್ಲ ಅಂತ ಹೆದರುಪುಕ್ಕಲ ಆಗಿಬಿಟ್ಟರು. ಇದು ನನಗೆ ಸಹಿಸಲು ಆಗುತ್ತಿಲ್ಲ. ಅವರು ಗಾಳಿ ಬಂದೇ ಬರುತ್ತದೆ ಅಂತ ಹೇಳಿರಲಿಲ್ಲ. ಬಂದರೆ ನಿಮ್ಮನ್ನು ವಾಪಸ್ ತರಲು ನನಗೆ ಆಗುವುದಿಲ್ಲ ಅಂತ ಹೇಳಿದ್ದರು. ಎರಡೂ ಬೇರೆ ಬೇರೆ ಮಾತು. ಅಜ್ಜ ಎಷ್ಟೋ ದಿನ ‘ಬ್ಯಾಡ’ ಅಂದ ಮೇಲೂ ಕಡಲು ಸಂಜೆವರೆಗೆ ಶಾಂತವಾಗಿಯೇ ಇರುತ್ತಿತ್ತು. ಆ ದಿನಗಳಲ್ಲೂ ಅಜ್ಜ ತಪ್ಪು ಮಾಡಿರಲಿಲ್ಲ.

ಆ ಒಂದು ಸ್ಟಾರ್ ರಿವ್ಯೂ ನಿಜವಾಗಿಯೂ ಬಿದ್ದಿದೆ. ಭಾನುವಾರ ರಾತ್ರಿ ನೋಡಿದೆ. ‘ಬಿಸಿಲಿದ್ದರೂ ಕರೆದುಕೊಂಡು ಹೋಗಲಿಲ್ಲ’ ಅಂತ ಬರೆದಿದ್ದಾರೆ. ಇಂಥ ಹತ್ತು ರಿವ್ಯೂ ಬಿದ್ದರೆ ನಾಳೆ ಯಾವುದೋ ಜೆಟ್ಟಿಯಲ್ಲಿ ಯಾವುದೋ ಚಿಕ್ಕ ವಯಸ್ಸಿನ ದೋಣಿಯವನು, ಸಾಲ ಇರುವವನು, ಪಾಚಿ ಮುಳುಗುವುದನ್ನು ನೋಡಿಯೂ ‘ಸರಿ, ಹತ್ತಿ’ ಅಂದುಬಿಡುತ್ತಾನೆ. ನನಗೆ ಭಯ ಇರುವುದು ಅದಕ್ಕೆ.

ಸರ್, ನೀವು ಈ ಬರಹ ಓದುವ ಸಾಧ್ಯತೆ ಇದೆ, ಕನ್ನಡದವರ ಗುಂಪುಗಳಲ್ಲಿ ಎಲ್ಲವೂ ಸುತ್ತುತ್ತದೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ದಯವಿಟ್ಟು ಆ ರಿವ್ಯೂ ತೆಗೆದುಹಾಕಿ. ಅಮ್ಮನ ಜೊತೆ ಮತ್ತೆ ಬಂದರೆ ಗ್ಲಾಸ್ಗೋದಲ್ಲಿ ನಮ್ಮ ಮನೆಗೆ ಬನ್ನಿ, ಮೀನುಸಾರು ಮಾಡುತ್ತೇನೆ. ನೀವು ಮೀನು ತಿನ್ನದಿದ್ದರೆ ಬೇರೆ ಏನಾದರೂ.

ನಾವು ಸೆಪ್ಟೆಂಬರ್‌ನಲ್ಲಿ ಮತ್ತೆ ಎಲ್ಗಾಲ್‌ಗೆ ಹೋಗುತ್ತೇವೆ. ಅದೇ ದೋಣಿಗೆ ಟಿಕೆಟ್ ತೆಗೆದಿದ್ದೇನೆ. ಒಂದು ದಿನ ಹೋಗದಿದ್ದರೆ ಇರಲಿ ಅಂತ ಬ್ರಾಡ್‌ಫರ್ಡ್‌ನಲ್ಲಿ ಮೂರು ರಾತ್ರಿಗೆ ರೂಮು ಹೇಳಿದ್ದೇನೆ.