ರೊಹಾನರ ಮನೆ, ನಮ್ಮ ವಾಡೆ

ಅವ್ವ ಧಾರವಾಡದಿಂದ ಫ್ರಾನ್ಸಿಗೆ, ನಾನಿರುವ ರೆನ್ನಿಗೆ ಬಂದಾಗ ಜೋಸ್ಲ್ಯಾಂ ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಊಸ್ತ್ ನದಿಯ ದಂಡೆ, ಬಂಡೆಯ ಮೇಲೆ ಮೂರು ದುಂಡು ಗೋಪುರ, ತಲೆಗೆ ಮೊನಚು ಟೊಪ್ಪಿಗೆ. ಟಿಕೆಟ್ ತೆಗೆಸಿ, "ಮೇಲಿನ ಮಹಡ್ಯಾಗ ಈಗೂ ರೊಹಾನ್ ಮನೆತನದವರ ಇರ್ತಾರ, ನಮಗ ತೋರ್ಸೂದು ಕೆಳಗಿನ ಕೋಣಿ ಅಷ್ಟ" ಎಂದೆ. ಅವ್ವ ಹೊಸ್ತಿಲಲ್ಲೇ ನಿಂತಳು. "ಅಲ್ಲೋ, ಮನ್ಯಾಗ ಮಂದಿ ಇರೂವಾಗ ಹೇಳದ ಕೇಳದ ಹೆಂಗ ಒಳಗ ಹೋಗೂದು?"

ಇಲ್ಲಿನ ಕನ್ನಡದ ಗೆಳೆಯರು ಸೇರಿದಾಗೆಲ್ಲ ಒಂದು ಮಾತು ಬರುತ್ತದೆ: ಇವರು ಉಳಿಸಿಕೊಳ್ಳುತ್ತಾರೆ, ನಾವು ಕೆಡವುತ್ತೇವೆ. ಜೋಸ್ಲ್ಯಾಂ ನೋಡಿದ ಮೇಲೆ ನಾನು ಇದನ್ನು ಒಪ್ಪುವುದಿಲ್ಲ. ಇವರಷ್ಟು ಕೆಡವಿದವರು ಯಾರಿದ್ದಾರೆ?

1370ರಲ್ಲಿ ಇದನ್ನು ಕೊಂಡವನು ಒಲಿವಿಯೇ ದ ಕ್ಲಿಸ್ಸೋಂ, ಮುಂದೆ ಫ್ರಾನ್ಸಿನ ಮಹಾದಂಡನಾಯಕನಾದವನು. ಒಂಬತ್ತು ಗೋಪುರದ ಕೋಟೆ ಅವನದೇ. ಮಗಳು ರೊಹಾನರ ಮನೆಯ ಸೊಸೆ, ಹಾಗಾಗಿ ಆಸ್ತಿ ಆ ಕಡೆ ಹೋಯಿತು. 1488ರಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಬ್ರಿಟನಿಯ ಡ್ಯೂಕ್ ಸಿಟ್ಟಿಗೆದ್ದು ಕೋಟೆಯನ್ನು ಕೆಡವಿಸಿದ. ಅದೇ ಡ್ಯೂಕನ ಮಗಳು ಆನ್ ಪಟ್ಟಕ್ಕೆ ಬಂದು ಎರಡನೇ ಝಾನ್ ರೊಹಾನನಿಗೆ ಆಸ್ತಿ ಮರಳಿಸಿದಳು. ಈ ಮಹಾಶಯ ಅವಳನ್ನು ತನ್ನ ಮಗನಿಗೆ ತಂದುಕೊಳ್ಳಲು ಓಡಾಡಿದವನು. ಸಂಬಂಧ ಕೂಡಿಬರಲಿಲ್ಲ, ಮನೆ ಮಾತ್ರ ಎದ್ದಿತು.

ಎಂಥ ಮನೆ! ನದಿಯ ಕಡೆಯಿಂದ ಬೋಳು ಗೋಡೆ. ಅಂಗಳಕ್ಕೆ ಬಂದರೆ ಅದೇ ಕಟ್ಟಡದ ಇನ್ನೊಂದು ಮುಖ: ಮಾಡಿನವರೆಗೆ ಏರಿದ ಕಲ್ಲಿನ ಕಿಟಕಿಗಳು, ನಡುವೆ ಕಸೂತಿಯಂಥ ಕಟಾಂಜನ, ಒಂದರ ನಮೂನೆ ಇನ್ನೊಂದಕ್ಕಿಲ್ಲ. ಬೇಲೂರು ನೋಡಿದ ಕಣ್ಣಿಗೆ ಇದೇನು ಹೊಸದು ಅನ್ನಿಸಬಹುದು. ಆದರೆ ಬೇಲೂರಿನದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗೆ ಉಳಿಗೆ ಬಗ್ಗುವಂಥದ್ದು. ಇದು ಗ್ರಾನೈಟ್. ಹೆಚ್ಚುಕಡಿಮೆ ಅದೇ ಕಾಲಕ್ಕೆ ಹಂಪಿಯಲ್ಲಿ ನಮ್ಮವರು ಇದೇ ಜಾತಿಯ ಕಲ್ಲಿನೊಂದಿಗೆ ಗುದ್ದಾಡುತ್ತಿದ್ದರು. ಬೆರಳಿಟ್ಟು ನೋಡಿದೆ, ಐನೂರು ವರ್ಷದ ಮಳೆ ತಿಂದೂ ಅಂಚು ಇನ್ನೂ ತರಚುತ್ತದೆ.

ಕಟಾಂಜನದ ತುಂಬ 'ಎ' (A) ಅಕ್ಷರ. ಆನಳ ಋಣಕ್ಕೆ ಕೆತ್ತಿಸಿದ್ದು ಅನ್ನುತ್ತಾರೆ. ಪಕ್ಕದಲ್ಲೇ ರೊಹಾನರ ಧ್ಯೇಯವಾಕ್ಯ, 'ಆ ಪ್ಲುಸ್' (A plus), ಇನ್ನೂ ಮೇಲಕ್ಕೆ ಎಂದು. ಅದೂ ಅದೇ ಅಕ್ಷರದಿಂದಲೇ ಶುರು! ಋಣ ಎಲ್ಲಿ ಮುಗಿದು ಜಂಬ ಎಲ್ಲಿ ಶುರುವಾಯಿತೋ ಕೆತ್ತಿದ ಕಲ್ಲುಕುಟಿಗನಿಗೇ ಗೊತ್ತು. ಆಫೀಸಿನ ಹುಡುಗರು ಸಂಜೆ ಚೀಲ ಹೆಗಲಿಗೇರಿಸಿ ಹೊರಡುವಾಗ ಹೇಳುವುದೂ 'ಆ ಪ್ಲುಸ್' ಎಂದೇ, ನಮ್ಮ 'ಬರ್ತೀನಿ' ಇದ್ದಂತೆ.

1629ರಲ್ಲಿ ಮತ್ತೆ ಪೆಟ್ಟು. ಪ್ರಾಟೆಸ್ಟಂಟರ ಮುಂದಾಳಾಗಿದ್ದ ಹೆನ್ರಿ ರೊಹಾನನ ಸೊಕ್ಕಡಗಿಸಲು ರಾಜನ ಮುಖ್ಯಮಂತ್ರಿ ರಿಷ್ಲ್ಯೋ ನಡುಗೋಪುರವನ್ನೂ ಕೆಲವು ಬುರುಜುಗಳನ್ನೂ ಉರುಳಿಸಿದ. "ನಿಮ್ಮ ಗೂಟಗಳ ನಡುವೆ ಒಳ್ಳೇ ಚೆಂಡು ಎಸೆದೆ" ಎಂದು, ಚೆಂಡೆಸೆದು ಗೂಟ ಉರುಳಿಸುವ ಆಟದ ಮಾತಿನಲ್ಲಿ, ಆಮೇಲೆ ಚುಚ್ಚಿದನಂತೆ. ಕ್ರಾಂತಿಯ ಕಾಲಕ್ಕೆ ಇದೇ ಮನೆ ಸೆರೆಮನೆಯಾಯಿತು, ಉಗ್ರಾಣವಾಯಿತು. ದುರಸ್ತಿ ಆದದ್ದು 19ನೇ ಶತಮಾನದಲ್ಲಿ. ಆಗಲೂ ಕಳೆದುಹೋದ ಗೋಪುರಗಳನ್ನೆಲ್ಲ ಮತ್ತೆ ಎಬ್ಬಿಸಲು ಹೋಗಲಿಲ್ಲ. ನಾಲ್ಕನೆಯದು ಅಂಗಳದಾಚೆ ಪರದೇಶಿಯಂತೆ ಒಂಟಿಯಾಗಿ ನಿಂತಿದೆ. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಸಿಮೆಂಟಿನಲ್ಲಿ ಒಂಬತ್ತೂ ಎದ್ದು, ಮೇಲೆ ಬಣ್ಣದ ದೀಪ ಉರಿಯುತ್ತಿದ್ದವು.

ಹಾಗಂತ ಇವರಿಗೇನು ವಿಶೇಷ ಭಕ್ತಿ ಇದೆ ಅಂತಲ್ಲ. ನೆಪೋಲಿಯನ್ನನ 1804ರ ಕಾನೂನು ಸಂಹಿತೆಯಿಂದ ಇಲ್ಲೂ ಮಕ್ಕಳಿಗೆಲ್ಲ ಪಾಲು ಉಂಟು. ಕೋಟೆ ಎಷ್ಟು ಹೋಳಾಗಬೇಕಿತ್ತು! ಎಷ್ಟೋ ಮನೆತನಗಳು ಕಟ್ಟಡವನ್ನೇ ಒಂದು ಸಂಸ್ಥೆ ಮಾಡಿ ಷೇರು ಹಂಚಿಕೊಂಡಿವೆ. ಸಂರಕ್ಷಿತ ಸ್ಮಾರಕವಾಗಿ, ಜನಕ್ಕೆ ಬಾಗಿಲು ತೆರೆದಿಡುವ ಕರಾರಾದರೆ ಪಿತ್ರಾರ್ಜಿತದ ತೆರಿಗೆಗೂ ವಿನಾಯಿತಿ ಸಿಗುತ್ತದೆ. ಲೆಕ್ಕಾಚಾರವೇ, ಆದರೆ ಮನೆಯವರನ್ನು ಮನೆಯಲ್ಲೇ ಇಟ್ಟ ಲೆಕ್ಕಾಚಾರ. ನಮ್ಮಲ್ಲಿ ಪಿತ್ರಾರ್ಜಿತದ ತೆರಿಗೆ 1985ರಲ್ಲೇ ಹೋಯಿತು, ಆ ಗಾಳ ನಮಗಿಲ್ಲ. ಆದರೆ ಷೇರು ಮಾಡಿಕೊಳ್ಳಬೇಡಿ ಎಂದು ನಮ್ಮ ಅಣ್ಣತಮ್ಮಂದಿರನ್ನು ತಡೆದವರು ಯಾರು?

ವಾಪಸು ಬರುವಾಗ ಅವ್ವ ಕಾರಿನಲ್ಲಿ ಸುಮ್ಮನಿದ್ದಳು. "ಮುಂದಿನ ಕೋಣ್ಯಾಗ ಆ ಒಲಿ ಮ್ಯಾಲ ಕೆತ್ತಿದ್ದು ಚಲೋ ಇತ್ತು" ಅಂದಳು. ಆಮೇಲೆ, "ನಮ್ಮ ಕಂಬಾನೂ ಹಂಗ ಇತ್ತು."

ನಮ್ಮ ವಾಡೆಯ ಪಡಸಾಲೆ ಹಿಸ್ಸೆಯಾದಾಗ ನಡುವಿನ ಸಾಗವಾನಿ ಕಂಬ ಯಾರಿಗೆ ಎಂಬುದೇ ತೀರ್ಮಾನವಾಗಲಿಲ್ಲ. ಗವಂಡಿ ಇಟ್ಟಿಗೆ ಗೋಡೆಯನ್ನು ಕಂಬದ ನಟ್ಟನಡುವೆ ಬರುವಂತೆ ಎಬ್ಬಿಸಿದ. ನಮ್ಮ ಕಡೆ ಅರ್ಧ ಕಮಲ, ಮೇಲೆ ಹಸಿರು ಆಯಿಲ್ ಪೇಂಟು. ಕಾಕಾನ ಕಡೆಯ ಅರ್ಧಕ್ಕೆ ನೀಲಿ ಹೊಡೆಸಿದ್ದಾರಂತೆ. ನಾನು ನೋಡಿಲ್ಲ.