14ನೇ ದಿನದ ಲೆಕ್ಕ ಹಿಂದಿನಿಂದ ಹಾಕಬೇಕು, ಮುಂದಿನಿಂದ ಅಲ್ಲ

ಮಗು ಬೇಕು ಅನ್ನುವವರಿಗೂ ಸದ್ಯಕ್ಕೆ ಬೇಡ ಅನ್ನುವವರಿಗೂ ನಮ್ಮಲ್ಲಿ ಸಿಗುವ ಸಲಹೆ ಒಂದೇ: ‘14ನೇ ದಿನ ನೋಡ್ಕೊಳ್ಳಿ’. ಅಂದರೆ ಮುಟ್ಟಾದ 14ನೇ ದಿನ ಅಂಡ ಬಿಡುಗಡೆ, ಗರ್ಭ ನಿಲ್ಲುವುದು ಆಗಲೇ ಎಂಬ ಲೆಕ್ಕ. ಆ ಹದಿನಾಲ್ಕು ಸುಳ್ಳಲ್ಲ, ಎಣಿಸುವ ದಿಕ್ಕು ತಪ್ಪು. ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಮುಂದಿನ ಮುಟ್ಟು ಬರಲು ಹೆಚ್ಚುಕಡಿಮೆ 14 ದಿನ ಹಿಡಿಯುತ್ತದೆ. ಕೆಲವರಿಗೆ 12, ಕೆಲವರಿಗೆ 16. ಹಿಗ್ಗಿ ಕುಗ್ಗುವುದು ಹೆಚ್ಚಾಗಿ ಅದಕ್ಕೂ ಮುಂಚಿನ ಭಾಗ, ಅಂದರೆ ಅಂಡ ಬಲಿಯುವ ದಿನಗಳು. ಜ್ವರ, ನಿದ್ದೆಗೆಡುವುದು, ತೂಕ ಏರುಪೇರಾಗುವುದು, ಎಲ್ಲ ಏಟೂ ಬೀಳುವುದು ಅಲ್ಲಿಗೇ.

ಹಾಗಾಗಿ 28 ದಿನಕ್ಕೆ ಮುಟ್ಟಾಗುವವರಿಗೆ ಮಾತ್ರ 14 ಸರಿಹೋಗುತ್ತದೆ. 24 ದಿನದ ಚಕ್ರದವರಿಗೆ ಅಂಡ ಬಿಡುಗಡೆ 10ನೇ ದಿನದ ಆಸುಪಾಸು, 35 ದಿನದವರಿಗೆ 21ರ ಸುತ್ತ. ಈ 35 ದಿನದವರು 12, 13, 14ನೇ ದಿನ ಶ್ರದ್ಧೆಯಿಂದ ಪ್ರಯತ್ನಿಸಿ, ‘ಈ ತಿಂಗಳದ್ದು ಮುಗೀತು’ ಎಂದು ಬಿಟ್ಟುಬಿಡುತ್ತಾರೆ. ಅವರ ಫಲವತ್ತಾದ ದಿನಗಳು ಶುರುವಾಗುವುದೇ 16ರ ಹೊತ್ತಿಗೆ!

1ನೇ ದಿನ ಯಾವುದು ಅನ್ನುವುದರಲ್ಲೂ ಎಡವುತ್ತಾರೆ. ಮುಟ್ಟು ನಿಂತ ದಿನದಿಂದಲೋ ತಲೆಗೆ ಸ್ನಾನ ಮಾಡಿದ ದಿನದಿಂದಲೋ ಎಣಿಸಿದರೆ ಲೆಕ್ಕ ನಾಲ್ಕೈದು ದಿನ ಜಾರುತ್ತದೆ. ಪ್ಯಾಡ್ ಬೇಕಾಗುವಷ್ಟು ರಕ್ತ ಹೋಗಲು ಶುರುವಾದ ದಿನವೇ 1. ಹಿಂದಿನ ದಿನ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ.

ಇನ್ನು ಅಂಡದ ಆಯಸ್ಸು. ಹೊರಬಿದ್ದ ಅಂಡ ಉಳಿಯುವುದು 12ರಿಂದ 24 ಗಂಟೆ. ವೀರ್ಯಾಣು ಗರ್ಭಕೊರಳಿನಲ್ಲಿ ಒಳ್ಳೆಯ ಲೋಳೆ ಸಿಕ್ಕರೆ 5 ದಿನದವರೆಗೂ ಬದುಕುತ್ತದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 221 ಮಹಿಳೆಯರನ್ನು ಗಮನಿಸಿ 1995ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೂ ಇದನ್ನೇ: ಗರ್ಭ ನಿಂತದ್ದು ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ 5 ದಿನ, ಒಟ್ಟು 6 ದಿನಗಳಲ್ಲಿ. ಮರುದಿನದಿಂದ ಬಾಗಿಲು ಮುಚ್ಚಿದಂತೆ. ಅಂಡ ಬರಲಿ ಎಂದು ಕಾಯುವುದಲ್ಲ, ಅದು ಬರುವ ಹೊತ್ತಿಗೆ ವೀರ್ಯಾಣು ಅಲ್ಲಿ ಕಾದಿರಬೇಕು. ಆ ದಿನಗಳಲ್ಲಿ ದಿನಾ ಅಥವಾ ದಿನ ಬಿಟ್ಟು ದಿನ ಸೇರಿದರೆ ಸಾಕು. ‘ಶಕ್ತಿ ಉಳಿಸಿಕೊಳ್ಳಲು’ ಹತ್ತು ದಿನ ದೂರ ಇರುವುದರಿಂದ ಲಾಭವಿಲ್ಲ.

ಕ್ಯಾಲೆಂಡರ್ ಲೆಕ್ಕ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನೌಸ್ ಎಂಬ ವೈದ್ಯರು 1920ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಕೊಂಡದ್ದು. ಕನಿಷ್ಠ 6 ಚಕ್ರಗಳನ್ನು ಬರೆದಿಡಿ. ಅತಿ ಚಿಕ್ಕದರಿಂದ 18, ಅತಿ ದೊಡ್ಡದರಿಂದ 11 ಕಳೆಯಿರಿ. ಫಲವತ್ತಾದ ದಿನಗಳ ಮೊದಲೂ ಕೊನೆಯೂ ಸಿಗುತ್ತವೆ. ಚಿಕ್ಕದು 26, ದೊಡ್ಡದು 31 ಆಗಿದ್ದರೆ 8ರಿಂದ 20ನೇ ದಿನ. 6 ದಿನದ ಕಿಟಕಿ ಹಿಡಿಯಲು 13 ದಿನದ ಬಲೆ! ಗರ್ಭ ಬೇಕೆನ್ನುವವರಿಗೆ ಇದರಿಂದ ನಷ್ಟವಿಲ್ಲ. ಆದರೆ ಫೋನಿನ ಆ್ಯಪ್ ತೋರಿಸುವ ‘ಸೇಫ್ ಪೀರಿಯಡ್’ ನಂಬಿ ಗರ್ಭ ತಪ್ಪಿಸಲು ಹೊರಡುವುದು ನನ್ನ ಪ್ರಕಾರ ಜೂಜು. ಬರೀ ತಾರೀಖು ಕೊಟ್ಟರೆ ಆ್ಯಪ್ ಸರಾಸರಿ ಹಾಕುತ್ತದೆ ಅಷ್ಟೇ. ಹೋದ ವಾರ ನಿಮಗೆ ಜ್ವರ ಬಂದಿತ್ತು ಎಂದು ಅದಕ್ಕೆ ಗೊತ್ತಿಲ್ಲ.

ದೇಹ ಕೊಡುವ ಸುಳಿವು ಇದಕ್ಕಿಂತ ವಾಸಿ, ಕಾಸೂ ಖರ್ಚಿಲ್ಲ. ಯೋನಿಯಿಂದ ಬರುವ ಲೋಳೆಯನ್ನು ಗಮನಿಸಿ: ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತೆ ಇರುತ್ತದೆ. ಆಮೇಲೆ ಅಂಟಂಟು, ನಂತರ ಕ್ರೀಮಿನಂತೆ ಬೆಳ್ಳಗೆ. ಕೊನೆಗೆ ಲೋಳೆಸರ ಸೀಳಿದಾಗ ಕಾಣುವಂಥ ತಿಳಿಲೋಳೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಅಗಲಿಸಿ, ಕಡಿಯದೆ ನೂಲಿನಂತೆ ಎಳೆ ಬಂದರೆ ಅದೇ. ಹಾಗೆ ಕಂಡ ಕೊನೆಯ ದಿನದ ಆಚೀಚೆ ಅಂಡ ಬಿಡುಗಡೆ ಆಗಿರುತ್ತದೆ. ಇದನ್ನು ‘ಬಿಳಿ ಹೋಗ್ತಿದೆ, ಉಷ್ಣ ಆಗಿದೆ’ ಎಂದು ಕಾಯಿಲೆ ಮಾಡಿ ಕಷಾಯ ಕುಡಿಯುವವರಿಗೆ ಲೆಕ್ಕವಿಲ್ಲ. ತುರಿಕೆ, ಕೆಟ್ಟ ವಾಸನೆ, ಮೊಸರು ಒಡೆದಂತಿದ್ದರೆ ಮಾತ್ರ ಅದು ಸೋಂಕು, ಡಾಕ್ಟರ ಹತ್ತಿರ ಹೋಗಿ.

ಮೆಡಿಕಲ್ ಶಾಪಿನ ಓವ್ಯುಲೇಷನ್ (ಅಂಡ ಬಿಡುಗಡೆ) ಕಿಟ್, ಅಂಡ ಹೊರಬರುವಂತೆ ಮಾಡುವ ಎಲ್‌ಎಚ್ ಹಾರ್ಮೋನ್ ಮೂತ್ರದಲ್ಲಿ ಏರಿದ್ದನ್ನು ಹಿಡಿಯುತ್ತದೆ. ಏರಿದ ಒಂದು, ಒಂದೂವರೆ ದಿನದಲ್ಲಿ ಅಂಡ ಹೊರಬರುತ್ತದೆ. ಚಕ್ರದ ದಿನಗಳಿಂದ 17 ಕಳೆದು ಆ ದಿನದಿಂದ ಶುರು ಮಾಡಿ: 30ರ ಚಕ್ರಕ್ಕೆ 13ನೇ ದಿನ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಪ್ರೆಗ್ನೆನ್ಸಿ ಕಾರ್ಡ್ ಓದಿದ ಹಾಗೆ ಓದುವುದು. ಅದರಲ್ಲಿ ಮಸುಕು ಗೆರೆ ಬಂದರೂ ಪಾಸಿಟಿವ್. ಇದರಲ್ಲಿ ಹಾಗಲ್ಲ, ಎರಡನೇ ಗೆರೆ, ಕಿಟ್ ಸರಿಯಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿರಬೇಕು. ಬೆಳಗಿನ ಮೊದಲ ಮೂತ್ರವೇ ಆಗಬೇಕೆಂದಿಲ್ಲ. ಹಾರ್ಮೋನ್ ಬೆಳಗಿನ ಜಾವ ಏರಿದರೂ ಮೂತ್ರದಲ್ಲಿ ಕಾಣಲು ಕೆಲವು ಗಂಟೆ ಬೇಕು, ಆದ್ದರಿಂದ ಮಧ್ಯಾಹ್ನದ ಹೊತ್ತು ಒಳ್ಳೆಯದು. ಅದಕ್ಕೆ ಎರಡು ಗಂಟೆ ಮುಂಚಿನಿಂದ ಚೊಂಬುಗಟ್ಟಲೆ ನೀರು ಕುಡಿಯಬೇಡಿ. ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡ ಬಿಡುಗಡೆ ತಪ್ಪುವ ಅಂಡಾಶಯದ ತೊಂದರೆ, ಇರುವವರಲ್ಲಿ ಎಲ್‌ಎಚ್ ಮೊದಲೇ ಜಾಸ್ತಿ ಇರಬಹುದು, ಹಾಗಾಗಿ ಕಿಟ್ ಸುಳ್ಳು ಸುಳ್ಳೇ ‘ಹೌದು’ ಅನ್ನಬಹುದು. ಅಂಡ ಹೊರಬರಲೆಂದು ಎಚ್‌ಸಿಜಿ ಎಂಬ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಂಡವರು ಆ ದಿನಗಳಲ್ಲಿ ಕಿಟ್ ಹಾಕುವುದು ದಂಡ, ಕಿಟ್ ಅದನ್ನೂ ಎಲ್‌ಎಚ್ ಅಂದುಕೊಳ್ಳಬಹುದು.

ಬೆಳಗ್ಗೆ ಹಾಸಿಗೆ ಬಿಡುವ ಮುಂಚೆ ಥರ್ಮಾಮೀಟರ್ ಇಡುವ ಪದ್ಧತಿಯೂ ಇದೆ. ಅಂಡ ಬಿಡುಗಡೆಯ ನಂತರ ಉಷ್ಣಾಂಶ ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿ ಮುಟ್ಟಿನವರೆಗೆ ಹಾಗೇ ನಿಲ್ಲುತ್ತದೆ. ಏರಿದ್ದು ಕಾಣುವ ಹೊತ್ತಿಗೆ ರೈಲು ಹೊರಟುಹೋಗಿರುತ್ತದೆ, ಆ ತಿಂಗಳಿಗೆ ಉಪಯೋಗವಿಲ್ಲ. ನೈಟ್ ಶಿಫ್ಟಿನವರಿಗಂತೂ ಬೇಡವೇ ಬೇಡ.

ಹಳೆಯ ಶಾಸ್ತ್ರ ಹೇಳುವ ‘ಸಮ ರಾತ್ರಿ ಸೇರಿದರೆ ಗಂಡು, ಬೆಸ ರಾತ್ರಿ ಹೆಣ್ಣು’ ಎಂಬ ಲೆಕ್ಕ ಈಗ ವಾಟ್ಸಾಪಿನಲ್ಲಿ ಚಾರ್ಟ್ ಆಗಿ ಓಡಾಡುತ್ತಿದೆ. ಗಂಡೋ ಹೆಣ್ಣೋ ತೀರ್ಮಾನವಾಗುವುದು ವೀರ್ಯಾಣುವಿನ ಕ್ರೋಮೋಸೋಮಿನಿಂದ, ತಾರೀಖಿನಿಂದಲ್ಲ.

ಅಂಡ ಬಿಡುಗಡೆ ಆಗಿದೆಯೇ ಎಂದು ತಿಳಿಯಲು ಬರೆಯುವ ‘ಡೇ 21 ಪ್ರೊಜೆಸ್ಟೆರಾನ್’ (ಅಂಡ ಬಿಡುಗಡೆಯ ನಂತರ ಏರುವ ಹಾರ್ಮೋನ್) ರಕ್ತ ಪರೀಕ್ಷೆಯಲ್ಲೂ ಇದೇ 28ರ ಲೆಕ್ಕ ಅಡಗಿದೆ. ಪರೀಕ್ಷೆ ಆಗಬೇಕಾದದ್ದು ಮುಂದಿನ ಮುಟ್ಟಿಗೆ ಸುಮಾರು 7 ದಿನ ಮುಂಚೆ. 35 ದಿನದ ಚಕ್ರದವರು 21ನೇ ದಿನವೇ ರಕ್ತ ಕೊಟ್ಟರೆ ‘ಅಂಡವೇ ಬಿಟ್ಟಿಲ್ಲ’ ಎಂಬ ರಿಪೋರ್ಟ್ ಬಂದು ಮನೆಯಲ್ಲಿ ಗೋಳು ಶುರುವಾಗುತ್ತದೆ. ಅವರು 28ನೇ ದಿನ ಕೊಡಬೇಕು.

ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, 35 ವಯಸ್ಸು ದಾಟಿದ್ದರೆ 6 ತಿಂಗಳಿಗೇ, ಡಾಕ್ಟರನ್ನು ಕಾಣಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು ಅಷ್ಟೂ ಕಾಯಬೇಡಿ. ಹೆಂಡತಿಗೆ ಇನ್ನೊಂದು ಪ್ಯಾಕೆಟ್ ಕಿಟ್ ತರುವ ಮುಂಚೆ ಗಂಡ 2ರಿಂದ 7 ದಿನ ವೀರ್ಯ ಹೊರಹೋಗದಂತೆ ಬಿಡುವು ಕೊಟ್ಟು ಒಮ್ಮೆ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಲಿ. ಸೂಜಿಯಿಲ್ಲ, ನೋವಿಲ್ಲ.